ದೊಡ್ಡವ್ವನ ಕೈಗಳ ಹಾಳೆ

ನನ್ನ ಹಳೆಯ ಸ್ಕೆಚ್‌ಬುಕ್ಕುಗಳನ್ನು ಯಾರಾದರೂ ಕೇಳಿದರೆ ಇಲ್ಲ ಎಂದುಬಿಡುತ್ತೇನೆ. ಇವೆ. ಅಟ್ಟದ ಮೇಲೆ ಗೊಬ್ಬರದ ಚೀಲದಲ್ಲಿ ಕಟ್ಟಿ ಇಟ್ಟಿದ್ದೇನೆ. ತೆಗೆದು ನೋಡಿದರೆ ಅಸಹ್ಯವಾಗುತ್ತದೆ. ಮೈಸೂರಿನ ಚಿತ್ರಕಲಾ ಕಾಲೇಜಿಗೆ ಸೇರಿದ ಮೊದಲೆರಡು ವರ್ಷ ನಾನು ಬರೆದದ್ದೆಲ್ಲ ಒಂದೇ ಹುಡುಗಿ. ಮುಖದ ಅರ್ಧ ಕಣ್ಣು, ಅಕ್ಕಿಕಾಳಿನಷ್ಟು ಮೂಗು, ಒಂದು ಬಿಂದಿಗೆ ನೀರು ಇಟ್ಟರೆ ಮುರಿದುಹೋಗುವ ಸೊಂಟ. ಅವಳನ್ನು ಒಮ್ಮೆ ರಾಜಕುಮಾರಿ ಮಾಡಿದೆ, ಒಮ್ಮೆ ಮಾಟಗಾತಿ ಮಾಡಿದೆ, ಒಮ್ಮೆ ರಾಗಿ ಕುಯ್ಯುವವಳನ್ನೂ ಮಾಡಿದೆ. ಕೈಯಲ್ಲಿ ಕುಡುಗೋಲು ಕೊಟ್ಟ ಮೇಲೂ ಅವಳ ಉಗುರಿಗೆ ಬಣ್ಣವಿತ್ತು. ತರಗತಿಯಲ್ಲಿ ನಾವು ಇಪ್ಪತ್ತು ಜನ. ಇಪ್ಪತ್ತೂ ಜನ ಫೋನು ನೋಡಿಕೊಂಡು ಇವಳನ್ನೇ ಇಳಿಸುತ್ತಿದ್ದೆವು. ಆಮೇಲೆ ಒಬ್ಬರದನ್ನು ಒಬ್ಬರು ನೋಡಿ ‘ಸೂಪರ್ ಕಣೇ’ ಎನ್ನುತ್ತಿದ್ದೆವು.

ನಮ್ಮ ಮೇಷ್ಟ್ರಿಗೆ ಒಂದು ದಿನ ತಡೆಯಲಾಗಲಿಲ್ಲ. ‘ಸಾಕು ನಿಲ್ಲಿಸ್ರಪ್ಪ. ನಿಮ್ಮೂರಲ್ಲಿ ಜನ ಇಲ್ವಾ? ಅವರನ್ನ ಬರ್ಕೊಂಡು ಬನ್ನಿ’ ಎಂದರು. ಮುಂದಿನ ವಾರ ಗೋಡೆಯ ತುಂಬ ಕಂಬಳಿ ಹೊದ್ದ ಅಜ್ಜಂದಿರು. ನನ್ನದೂ ಅದರಲ್ಲೊಂದು, ಕೋಲು ಸಮೇತ. ನಮ್ಮೂರಿನಲ್ಲಿ ಕಂಬಳಿ ಹೊದ್ದವರನ್ನು ನಾನು ನೋಡಿಯೇ ಇಲ್ಲ. ಚಳಿಗಾಲದಲ್ಲಿ ಅಜ್ಜಂದಿರು ಮೊಮ್ಮಕ್ಕಳ ಹಳೆಯ ಸ್ಕೂಲು ಸ್ವೆಟರಿನಲ್ಲಿ ತೂರಿಕೊಂಡು ಬಿಸಿಲಿಗೆ ಕೂರುತ್ತಾರೆ, ಎದೆಯ ಮೇಲೆ ಶಾಲೆಯ ಲಾಂಛನ ಇರುತ್ತದೆ. ಅದನ್ನು ಬರೆಯಬೇಕೆಂದು ಹೊಳೆಯದ ನನ್ನ ತಲೆಯ ಮೇಲೆ ನನಗೇ ಹೇಸಿಗೆಯಾಯಿತು.

ಅಸಹ್ಯಪಡುವುದು ನನಗೆ ಹುಟ್ಟಿನಿಂದ ಬಂದದ್ದು. ಅವ್ವ ಅದನ್ನು ನಾಜೂಕು ಎಂದು ಮುಚ್ಚಿಹಾಕುತ್ತಿದ್ದಳು. ದೊಡ್ಡವ್ವ, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ‘ಮೂಗಿನ ತುದೀಲೆ ವಾಕರಿಕೆ ಮಡಿಕೊಂಡವ್ಳೆ’ ಎಂದು ನೆಂಟರಿಗೆಲ್ಲ ಹೇಳುತ್ತಿದ್ದಳು.

ಮೂರನೆಯ ವರ್ಷದ ಕೋರ್ಸ್‌ವರ್ಕು ಇದು: ಒಂದೇ ಒಂದು ಪಾತ್ರ, ಹನ್ನೆರಡು ಹಾಳೆ. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತಾಳೆ, ಹೇಗೆ ನಡೆಯುತ್ತಾಳೆ, ಕೋಪ ಬಂದರೆ ಮುಖದ ಯಾವ ಗೆರೆ ಮೊದಲು ಅಲ್ಲಾಡುತ್ತದೆ, ಎಲ್ಲವೂ ಬೇಕು. ಕೈಗಳಿಗೆ ಪ್ರತ್ಯೇಕವಾಗಿ ಒಂದು ಹಾಳೆ. ಪಾತ್ರ ನಿಜವಾಗಿ ಇರುವ ಮನುಷ್ಯರಿಂದಲೇ ಹುಟ್ಟಬೇಕು. ಕೊನೆಗೆ ಹೊರಗಿನಿಂದ ಪರೀಕ್ಷಕರು ಬಂದು ನೋಡುತ್ತಾರೆ. ಎರಡನೆಯ ವರ್ಷ ನಾನು ಒಂದು ವಿಷಯದಲ್ಲಿ ಆಗಲೇ ಮುಗ್ಗರಿಸಿದ್ದೆ. ಇದೂ ಹೋದರೆ ಕಾಲೇಜು ಬಿಡಿಸುವುದೇ ಎಂದು ಅಪ್ಪ ಹೇಳಿಯಾಗಿತ್ತು. ಅಪ್ಪ ಹೇಳಿದ್ದನ್ನು ಮಾಡುವವರು.

ಮೊದಲ ತಿಂಗಳು ಸುಮ್ಮನೆ ಓಡಾಡಿ, ಜನರನ್ನು ನೋಡಿ ಎಂದಿದ್ದರು ಮೇಷ್ಟ್ರು. ಓಡಾಡಿದೆ. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಒಂದು ಹೋಟೆಲಿನಲ್ಲಿ ಬರೆಯಲು ಕೂತರೆ ಎದುರಿಗೇ ಕೈ ತೊಳೆಯುವ ತೊಟ್ಟಿ. ಒಬ್ಬರಾದ ಮೇಲೊಬ್ಬರು ಬಂದು ಗಂಟಲಿನ ತಳದಿಂದ ಕ್ಯಾಕರಿಸಿ ಉಗಿದು, ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು ಹೋಗುತ್ತಿದ್ದರು. ಚುಂಚನಕಟ್ಟೆಯಲ್ಲಿ ನೀರು ನೋಡುತ್ತ ನಿಂತ ಹೆಂಗಸೊಬ್ಬಳನ್ನು ಬರೆಯೋಣವೆಂದುಕೊಂಡೆ. ಅವಳ ಕಾಲ ಬುಡದಲ್ಲಿ ಯಾರೋ ಮಗುವಿನ ಒದ್ದೆ ಡೈಪರ್ ಬಿಚ್ಚಿ ಎಸೆದಿದ್ದರು. ಕೆ.ಆರ್. ನಗರದ ಬಸ್ಸಿನಲ್ಲಿ ಪಕ್ಕದ ಗಂಡಸು ನನ್ನ ಪುಸ್ತಕಕ್ಕೆ ಇಣುಕಿ, ‘ನಂದೊಂದು ಬರ್ಕೊಡವ್ವ, ಸ್ವಲ್ಪ ಬೆಳ್ಳಗ್ ಮಾಡು’ ಎಂದು ಮುಖವನ್ನು ನನ್ನ ಮುಖದ ಹತ್ತಿರ ತಂದ. ಬಾಯಿಯಿಂದ ಅಡಿಕೆ, ಈರುಳ್ಳಿ ಎರಡೂ ಹೊಡೆಯುತ್ತಿತ್ತು. ಪಿರಿಯಾಪಟ್ಟಣಕ್ಕೆ ಹೋಗುವ ಹೊತ್ತಿಗೆ ನನಗೆ ಮನುಷ್ಯಜಾತಿಯೇ ಬೇಡವಾಗಿತ್ತು. ತಿಂಗಳ ಕೊನೆಗೆ ಪುಸ್ತಕದಲ್ಲಿದ್ದದ್ದು ಮೂರು ನಾಯಿ, ಒಂದು ಟ್ರ್ಯಾಕ್ಟರು.

ದೊಡ್ಡವ್ವನನ್ನು ಆರಿಸಿಕೊಂಡದ್ದು ಪ್ರೀತಿಯಿಂದ ಎಂದು ಆಮೇಲೆ ಪರೀಕ್ಷಕರ ಮುಂದೆ ಹೇಳಿದೆ. ಸುಳ್ಳು. ಸೋಮಾರಿತನದಿಂದ ಆರಿಸಿಕೊಂಡೆ. ಗಾವಡಗೆರೆ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮ ಮನೆ, ಅವಳ ಮನೆ ಎರಡಕ್ಕೂ ಒಂದೇ ಅಂಗಳ. ವಾರದ ಕೊನೆಗೆ ಊರಿಗೆ ಬಂದು ಬಾಗಿಲಲ್ಲಿ ಕೂತರೆ ಸಾಕು, ಕಾಣುತ್ತಾಳೆ.

ಆಗ ಹೊಗೆಸೊಪ್ಪು ಮುರಿಯುವ ಕಾಲ. ನಮ್ಮ ಕಡೆ ಅದನ್ನು ಬರೀ ಸೊಪ್ಪು ಎನ್ನುತ್ತಾರೆ, ಬೇರೆ ಸೊಪ್ಪು ಯಾವುದೂ ಲೆಕ್ಕಕ್ಕೇ ಇಲ್ಲ ಎನ್ನುವಂತೆ. ಹೊಲದಿಂದ ಹಸಿ ಎಲೆ ಬರುತ್ತದೆ, ಹೆಂಗಸರು ಸಾಲಾಗಿ ಕೂತು ಅದನ್ನು ದಾರದಿಂದ ಕಡ್ಡಿಗಳಿಗೆ ಕಟ್ಟುತ್ತಾರೆ, ಆಮೇಲೆ ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ನೇತುಹಾಕಿ ಶಾಖ ಕೊಟ್ಟು ಬೇಯಿಸುತ್ತಾರೆ. ಹಸಿ ಎಲೆಯ ಅಂಟು ಕೈಗೆ ಹತ್ತಿದರೆ ಮೊದಲು ಹಳದಿ, ಆಮೇಲೆ ಹಸಿರು, ಸಂಜೆಯ ಹೊತ್ತಿಗೆ ಟಾರಿನಂತೆ ಕಪ್ಪು. ಬೆರಳಿಗೆ ಬೆರಳು ಮೆತ್ತಿಕೊಳ್ಳುತ್ತದೆ. ಕೂದಲು, ಧೂಳು, ನೊಣದ ರೆಕ್ಕೆ ಎಲ್ಲ ಅದರ ಮೇಲೆ. ಸೋಪು ನಾಟುವುದಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರೆ ಮೇಲಿನ ಪದರ ಹೋಗುತ್ತದೆ, ಗೆರೆಗಳಲ್ಲಿ ಇಳಿದದ್ದು ಹಾಗೇ ಉಳಿಯುತ್ತದೆ. ಅದರ ರುಚಿ ಕಹಿ. ಆ ಕೈಯಿಂದ ಮುಟ್ಟಿದ ಎಲ್ಲವೂ ಕಹಿ.

ಆರು ವರ್ಷದವಳಿದ್ದಾಗ ನಾನು ಆ ಕಹಿ ತಿಂದಿದ್ದೆ. ಅವ್ವನಿಗೆ ಜ್ವರ. ದೊಡ್ಡವ್ವ ಸೊಪ್ಪು ಕಟ್ಟುವುದನ್ನು ಬಿಟ್ಟು ಬಂದು ಮುದ್ದೆ ತೊಳಸಿ, ಅಂಗೈಯಲ್ಲಿ ಹೊರಳಿಸಿ ತಟ್ಟೆಗೆ ಹಾಕಿದಳು. ಒಂದು ತುತ್ತು ನುಂಗಿದ್ದೇ, ‘ಥೂ, ನಿನ್ ಕೈ ಹೇಲಿದ್ದಂಗೈತೆ’ ಎಂದು ಎಲ್ಲರ ಮುಂದೆ ತಟ್ಟೆಗೇ ಉಗಿದೆ. ಅಪ್ಪ ಬೆನ್ನಿಗೆ ಗುದ್ದಿದರು. ದೊಡ್ಡವ್ವ ತಟ್ಟೆ ತೆಗೆದುಕೊಂಡು ಹೋದಳು. ಅಂದಿನಿಂದ ನನ್ನ ಮುದ್ದೆಯನ್ನು ಮಾತ್ರ ಒದ್ದೆ ಮಾಡಿದ ಸ್ಟೀಲು ಬಟ್ಟಲಲ್ಲಿ ಕುಲುಕಿ ಉಂಡೆ ಮಾಡಿ, ಹಾಗೇ ತಟ್ಟೆಗೆ ಮಗುಚುತ್ತಿದ್ದಳು. ಮಿಕ್ಕವರಿಗೆಲ್ಲ ಕೈಯಲ್ಲೇ. ಇಪ್ಪತ್ತೊಂದು ವರ್ಷದವಳಾದ ಮೇಲೂ ಅವಳ ಮನೆಯಲ್ಲಿ ಉಣ್ಣಲು ಕೂತರೆ ಆ ಬಟ್ಟಲು ಬರುತ್ತಿತ್ತು. ನಾವಿಬ್ಬರೂ ಆ ವಿಷಯ ಒಂದು ದಿನವೂ ಎತ್ತಲಿಲ್ಲ.

ಪಾತ್ರ ಚೆನ್ನಾಗಿಯೇ ಬೆಳೆಯಿತು. ಮೊದಲ ಹಾಳೆಗಳಲ್ಲಿ ಹಳೆಯ ಸೊಂಟದವಳು ನುಸುಳಿಬಂದಳು. ಅವಳನ್ನು ಹರಿದು ಎಸೆದೆ. ದೊಡ್ಡವ್ವನ ದೇಹ ಬೇರೆಯೇ. ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಮಂಡಿ ಹೊರಕ್ಕೆ ತಿರುಗಿವೆ. ನಡೆದರೆ ಎಡ ಭುಜ ಮೊದಲು ಹೋಗುತ್ತದೆ, ಮಿಕ್ಕದ್ದು ಹಿಂದೆ ಬರುತ್ತದೆ. ಕೋಪ ಬಂದರೆ ಹುಬ್ಬಲ್ಲ, ಕಿವಿಯ ಓಲೆ ಮೊದಲು ಅಲ್ಲಾಡುತ್ತದೆ. ಇದನ್ನೆಲ್ಲ ಕಂಡುಕೊಂಡ ದಿನ ನನಗೆ ನಿಜವಾಗಿ ಖುಷಿಯಾಗಿತ್ತು. ಹನ್ನೊಂದು ಹಾಳೆಗಳಾದವು. ಹನ್ನೆರಡನೆಯದಕ್ಕೆ ಕೈ ನೋಡಬೇಕಿತ್ತು. ನೋಡಲಾಗಲಿಲ್ಲ. ಎರಡು ಸಲ ಪೆನ್ಸಿಲ್ ಹಿಡಿದು ಹತ್ತಿರ ಕೂತೆ. ಆ ಘಾಟಿಗೆ ತಲೆಸುತ್ತು ಬಂದು ಎದ್ದುಹೋದೆ. ಕೊನೆಗೆ ಫೋನಿನಲ್ಲಿ ಹುಡುಕಿ, ಯಾರದೋ ನಯವಾದ, ಉದ್ದ ಬೆರಳುಗಳ ಕೈಗಳನ್ನು ಇಳಿಸಿ, ಅಲ್ಲಲ್ಲಿ ಎರಡು ಸುಕ್ಕು ಹಾಕಿ ಮುಗಿಸಿದೆ.

ನಡುವಿನ ಪರಿಶೀಲನೆಯಲ್ಲಿ ಮೇಷ್ಟ್ರು ಎಲ್ಲ ಹಾಳೆಗಳನ್ನೂ ನೋಡಿ, ಅದೇ ಹಾಳೆಯ ಮುಂದೆ ನಿಂತುಬಿಟ್ಟರು. ‘ಕೈ ಅದ್ಭುತವಾಗಿ ಬಂದಿದೆಯಮ್ಮ. ಗ್ರಾಮೀಣ ಹೆಣ್ಣಿನ ಘನತೆ ಇದೆ ಇದ್ರಲ್ಲಿ’ ಎಂದರು. ಘನತೆಯಂತೆ. ಇಷ್ಟು ದಿನ ಜನರನ್ನು ನೋಡಿ ಎಂದು ಬೊಬ್ಬೆ ಹೊಡೆದ ಮನುಷ್ಯ, ಇಡೀ ಕಟ್ಟಿನಲ್ಲಿ ಕದ್ದದ್ದೊಂದನ್ನೇ ಹುಡುಕಿ ಮೆಚ್ಚಿದರು. ಅವರ ಕಣ್ಣಿನ ಮೇಲೂ ಅಸಹ್ಯ, ಥ್ಯಾಂಕ್ಯೂ ಸರ್ ಎಂದ ನನ್ನ ಬಾಯಿಯ ಮೇಲೂ ಅಸಹ್ಯ.

ಪರೀಕ್ಷೆಗೆ ಹತ್ತು ದಿನವಿರುವಾಗ ಊರಿಗೆ ಬಂದೆ. ಸೊಪ್ಪು ಬೇಯಿಸಿ ಮುಗಿದು ಗ್ರೇಡ್ ಮಾಡುವ ಕೆಲಸ ನಡೆದಿತ್ತು. ಅದರಲ್ಲಿ ದೊಡ್ಡವ್ವ ನಮ್ಮೂರಿಗೇ ಹೆಸರಾದವಳು. ಒಣಗಿದ ಎಲೆಯನ್ನು ಎತ್ತಿ, ಹೆಬ್ಬೆರಳಲ್ಲಿ ಒಮ್ಮೆ ಸವರಿ, ಮೂಗಿನ ಹತ್ತಿರ ತಂದು, ಯಾವ ರಾಶಿಗೆ ಹೋಗಬೇಕೋ ಅದಕ್ಕೆ ಎಸೆಯುತ್ತಾಳೆ. ಬಂಗಾರದ ಬಣ್ಣದ್ದು ಒಂದು ಕಡೆ, ಚುಕ್ಕೆಯದು ಒಂದು ಕಡೆ, ಬಲಿಯುವ ಮೊದಲೇ ಬೆಂದು ಹಸಿರು ಉಳಿದದ್ದು ಒಂದು ಕಡೆ, ಸೀದದ್ದು ಒಂದು ಕಡೆ.

‘ಅದೇನವ್ವ ಮೂರ್ ತಿಂಗ್ಳಿಂದ ನನ್ನೇ ಬರ್ಕತಾ ಕುಂತಿದ್ದೀಯ. ತೋರ್ಸು ಮತ್ತೆ’ ಎಂದಳು.

ತೋರಿಸಿದೆ. ಚಿತ್ರವನ್ನು ದೂರ ಹಿಡಿದು ನೋಡುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಳೆಯನ್ನು ಎತ್ತಿದಳು, ಅಂಚಿನಲ್ಲಿ ಹೆಬ್ಬೆರಳು ಸವರಿದಳು, ಮೂಸಿದಳು, ಪಕ್ಕಕ್ಕಿಟ್ಟಳು. ಎರಡನೆಯದನ್ನು ಬೇರೆ ಕಡೆ ಇಟ್ಟಳು. ನನ್ನ ಮೂರು ತಿಂಗಳ ಕೆಲಸ ಸೊಪ್ಪಿನ ನಡುವೆ ರಾಶಿಯಾಗುವುದನ್ನು ಬಾಯಿ ಬಿಟ್ಟುಕೊಂಡು ನೋಡಿದೆ. ಅವಳು ನಡೆಯುವ ಹಾಳೆ ಒಳ್ಳೆಯ ರಾಶಿಗೆ ಹೋಯಿತು. ‘ಇದು ಸರ್ಯಾಗ್ ಬೆಂದೈತೆ.’ ಅಳುಮುಖದ ಹಾಳೆ ಹಸಿರು ರಾಶಿಗೆ. ‘ಇದು ಬಲೀನೇ ಇಲ್ಲ ಕಣ್ ಮಗ. ನಾನ್ ಅಳಾದ್ನ ನೀನ್ ಯಾವತ್ ನೋಡಿದ್ದೀಯ?’ ನೋಡಿರಲಿಲ್ಲ. ನಡುವಿನ ಪರಿಶೀಲನೆಯಲ್ಲಿ ಮೇಷ್ಟ್ರು ಹಾಕಿದ ಅಂಕಗಳಿಗಿಂತ ಅವಳ ರಾಶಿಗಳು ಸರಿಯಾಗಿದ್ದವು.

ಕೊನೆಗೆ ಕೈಗಳ ಹಾಳೆ. ಕಟ್ಟಿನ ನಡುವೆ ಅಡಗಿಸಿದ್ದೆ. ಅದನ್ನು ಎತ್ತಿದವಳು ಎಲ್ಲಿಗೂ ಹಾಕಲಿಲ್ಲ.

‘ಇವು ಯಾರ್ ಕೈ?’

‘ನಿನ್ನವೇ ದೊಡ್ಡವ್ವ.’

‘ನನ್ನವಾ?’ ಎಂದು ತನ್ನ ಕೈಯನ್ನು ಹಾಳೆಯ ಪಕ್ಕ ಇಟ್ಟಳು. ಅಷ್ಟೆ. ಆಮೇಲೆ ನಕ್ಕಳು. ‘ಮೇಗಡೆ ಒಳ್ಳೆ ಸೊಪ್ಪು ಮಡಗಿ ಬೇಲಿನ್ ಒಳೀಕೆ ಕಸ ತುಂಬಿದ್ದೀಯಲ್ಲವ್ವ. ಅರಾಜಿನೋರು ಮೊದ್ಲು ಕೈ ಆಕಾದೇ ಮಧ್ಯಕ್ಕೆ. ಇಡೀ ಬೇಲ್ನೇ ವಾಪಸ್ ಕಳಿಸ್ತಾರೆ.’

ಬೇಲು ಎಂದರೆ ಹರಾಜಿಗೆ ಒಯ್ಯುವ ಸೊಪ್ಪಿನ ದೊಡ್ಡ ಕಟ್ಟು. ಅದರೊಳಗೆ ಕಳಪೆ ಎಲೆ ಅಡಗಿಸುವವರನ್ನು ದೊಡ್ಡವ್ವ ಮನೆಯೊಳಕ್ಕೂ ಸೇರಿಸುವವಳಲ್ಲ. ವಾಪಸು ಬಂದ ಬೇಲನ್ನು ಮನೆಗೆ ತಂದು, ಬಿಚ್ಚಿ, ಮೊದಲಿನಿಂದ ಗ್ರೇಡ್ ಮಾಡಿ ಮತ್ತೆ ಒಯ್ಯಬೇಕು. ಇಡೀ ಊರು ನೋಡುತ್ತದೆ.

ನಾನು ಗೋಣಿತಟ್ಟು ಎಳೆದುಕೊಂಡು ಅವಳ ಪಕ್ಕ ಕೂತೆ. ಆರು ದಿನ ಕೂತೆ. ಬೆಳಿಗ್ಗೆ ಅವಳ ಜೊತೆ ಎಲೆ ಬೇರ್ಪಡಿಸುವುದು, ಮಧ್ಯಾಹ್ನ ಬರೆಯುವುದು. ಎರಡನೆಯ ದಿನ ವಾಂತಿಯಾಯಿತು, ಹಿತ್ತಲಿಗೆ ಹೋಗಿ ಬಾಯಿ ತೊಳೆದು ಬಂದೆ. ಮೂರನೆಯ ದಿನದ ಹೊತ್ತಿಗೆ ನನ್ನ ಬೆರಳೂ ಕಂದುಬಣ್ಣಕ್ಕೆ ತಿರುಗಿತು. ಅವಳ ಕೈಯನ್ನು ಅಷ್ಟು ಹತ್ತಿರದಿಂದ ನಾನು ಹಿಂದೆಂದೂ ನೋಡಿರಲಿಲ್ಲ. ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಅಂಗೈಯ ಗೆರೆಗಳಲ್ಲಿ ಕಪ್ಪು ತುಂಬಿಕೊಂಡು, ಯಾರೋ ಇಂಕಿನ ಪೆನ್ನಿನಲ್ಲಿ ತಿದ್ದಿದಂತಿತ್ತು. ತೋರುಬೆರಳು ದಾರ ಎಳೆದೂ ಎಳೆದೂ ಒಂದು ಕಡೆಗೆ ಬಾಗಿ, ಮತ್ತೆ ನೇರವಾಗುವ ಆಸೆ ಬಿಟ್ಟಿತ್ತು. ಕಣ್ಣು ತೆಗೆಯದೆ ಬರೆದೆ. ನಾನು ಜೀವನದಲ್ಲಿ ಬರೆದ ಮೊದಲ ಚಿತ್ರ ಅದು ಎಂದರೂ ತಪ್ಪಿಲ್ಲ.

ಆರನೆಯ ದಿನ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಒಳ್ಳೆಯ ರಾಶಿಗೆ ಹೋಗುತ್ತದೆಂದು ಕಾದೆ. ಅವಳು ಬಹಳ ಹೊತ್ತು ನೋಡಿದಳು. ಮೂಸಲಿಲ್ಲ. ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು.

‘ಇದ್ನ ಯಾರ್ಗೂ ತೋರಿಸ್ಬ್ಯಾಡ ಕಣವ್ವ’ ಎಂದಳು.

‘ಯಾಕೆ? ಸರ್ಯಾಗ್ ಬಂದಿಲ್ವಾ?’

‘ಬಂದೈತೆ. ಅದ್ಕೇ ಬ್ಯಾಡ ಅಂದಿದ್ದು. ನನ್ ಮುಸುಡಿ ತೋರ್ಸು, ಬೆನ್ ತೋರ್ಸು, ಬ್ಯಾರೆ ಏನಾರ ತೋರ್ಸು. ಇದ್ ಒಂದ್ ಬ್ಯಾಡ. ನೀನೇ ಉಗಿದಿದ್ದೆ. ಗೊತ್ತಿಲ್ಲದೋರು ಇನ್ನೇನ್ ಮಾಡಾರು?’

ಹದಿನೈದು ವರ್ಷದಲ್ಲಿ ಮೊದಲ ಸಲ ಆ ಮಾತು ಅವಳ ಬಾಯಿಂದ ಬಂದಿತ್ತು. ‘ಇಲ್ಲ ಬುಡು ದೊಡ್ಡವ್ವ, ತೋರ್ಸಲ್ಲ’ ಎಂದೆ. ಆಣೆ ಹಾಕಿಸಿಕೊಳ್ಳಲಿಲ್ಲ ಅವಳು. ನನ್ನ ಮಾತನ್ನೇ ನಂಬಿ ಹಾಳೆ ವಾಪಸು ಕೊಟ್ಟಳು.

ಪರೀಕ್ಷೆಯ ದಿನ ಎರಡೂ ಹಾಳೆಗಳನ್ನು ಒಯ್ದೆ. ಯಾಕೆ ಒಯ್ದೆ ಎಂದು ಆಗ ಕೇಳಿಕೊಳ್ಳಲಿಲ್ಲ. ಕದ್ದ ಕೈಗಳನ್ನು ಮೇಲಿಟ್ಟೆ, ನಿಜವಾದದ್ದನ್ನು ಕಟ್ಟಿನ ನಡುವೆ ಸೇರಿಸಿದೆ. ಸಿಕ್ಕರೆ ಸಿಗಲಿ, ನಾನಾಗಿ ತೋರಿಸಿದಂತಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೇಲಿನೊಳಗೆ ಕಸ ಅಡಗಿಸುವವರನ್ನು ಕಂಡಿದ್ದೇನೆ. ಒಳ್ಳೆಯದನ್ನು ಅಡಗಿಸಿ ಮೋಸ ಮಾಡಿದವಳು ನಾನೊಬ್ಬಳೇ ಇರಬೇಕು. ಹೊರಗಿನಿಂದ ಬಂದ ಪರೀಕ್ಷಕ ಮೇಲಿನ ಹಾಳೆಗಳನ್ನು ಮುಟ್ಟಲೂ ಇಲ್ಲ. ನೇರವಾಗಿ ನಡುವೆ ಕೈ ಹಾಕಿ ಎಳೆದ. ಹರಾಜಿನವರ ಹಾಗೆಯೇ.

ಆಮೇಲೆ ನಡೆದದ್ದು ನೆನೆದರೆ ಇವತ್ತೂ ಮೈ ಉರಿಯುತ್ತದೆ. ಆ ಹಾಳೆಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂತು. ವರ್ಷ ಉಳಿಯಿತು. ಘನತೆ ಕಂಡಿದ್ದ ಮೇಷ್ಟ್ರೇ ಈಗ ‘ಟೆಕ್ಸ್ಚರ್ ನೋಡ್ರಪ್ಪ, ಟೆಕ್ಸ್ಚರ್’ ಎಂದು ಎಲ್ಲರನ್ನೂ ಕರೆದು ತೋರಿಸಿದರು. ಪ್ರದರ್ಶನಕ್ಕೆಂದು ಅದನ್ನು ಕಾರಿಡಾರಿನಲ್ಲಿ ತೂಗುಹಾಕಿದರು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಅದರ ಪಕ್ಕ, ತಲೆಗೆ ಹೂ ಮುಡಿದು, ನಾನೇ ನಿಂತಿದ್ದೆ.

ಪ್ರದರ್ಶನಕ್ಕೆ ಬಂದವರಲ್ಲಿ ಒಬ್ಬ, ಒಳ್ಳೆಯ ಖಾದಿ ಜುಬ್ಬಾದವನು, ಕಾಫಿ ಲೋಟ ಹಿಡಿದುಕೊಂಡು ಬಗ್ಗಿ ನೋಡಿದ. ‘ಅಯ್ಯಯ್ಯೋ, ಈ ಕೈಲಿ ಊಟ ಬಡಿಸಿದ್ರೆ ನಾನಂತೂ ಎದ್ದೋಗ್ತೀನಪ್ಪ’ ಎಂದ. ಸುತ್ತಲಿದ್ದವರು ನಕ್ಕರು.

ನಾನೂ ನಕ್ಕೆ.

ಆ ನಗು ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ನುಂಗಲಾಗಲಿಲ್ಲ. ಆ ಮನುಷ್ಯನ ಮುಖ ಈಗ ಮರೆತಿದೆ, ನನ್ನ ನಗು ಮಾತ್ರ ಕಿವಿಯಲ್ಲಿದೆ. ಹೇಸಿಗೆ ಎಂಬ ಮಾತನ್ನು ಅಲ್ಲಿಯವರೆಗೆ ಬಹಳ ಅಗ್ಗವಾಗಿ ಬಳಸಿದ್ದೆ.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಊರಿಗೆ ಹೋದೆ. ದೊಡ್ಡವ್ವ ಎಂದಿನ ಜಾಗದಲ್ಲಿ ಕೂತು ಕೊನೆಯ ಸೊಪ್ಪು ಬೇರ್ಪಡಿಸುತ್ತಿದ್ದಳು. ಎಲ್ಲ ಹೇಳಿದೆ. ನಕ್ಕದ್ದನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಅವಳು ಕೈಯಲ್ಲಿದ್ದ ಎಲೆಯನ್ನು ರಾಶಿಗೆ ಹಾಕಿ ಎದ್ದು ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ ಉಜ್ಜುವ ಸದ್ದು ಬಂತು. ನಿಲ್ಲುತ್ತದೆ ಎಂದುಕೊಂಡೆ, ನಿಲ್ಲಲಿಲ್ಲ. ಹೋಗಿ ನೋಡುವ ಧೈರ್ಯ ನನಗಿರಲಿಲ್ಲ.

ವಾಪಸು ಬಂದಾಗ ಅವಳ ಕೈಗಳು ಮಣಿಕಟ್ಟಿನವರೆಗೆ ಕೆಂಪಗಿದ್ದವು. ಒಂದೆರಡು ಕಡೆ ಚರ್ಮ ಕಿತ್ತಿತ್ತು. ಹಬ್ಬಕ್ಕೆ ಹಾಕುವ ಬಳೆ ಹಾಕಿಕೊಂಡಿದ್ದಳು. ಸೆರಗಿನಲ್ಲಿ ಒರೆಸಿಕೊಂಡು, ಗೋಣಿತಟ್ಟಿನ ಮೇಲೆ ಕೂತು, ಎರಡೂ ಕೈಗಳನ್ನು ಮಂಡಿಯ ಮೇಲೆ ಬಿಡಿಸಿ ಇಟ್ಟಳು.

‘ತೊಳ್ಕೊಂಡ್ ಬಂದಿವ್ನಿ. ಈಗ ಬರಿ. ಇದ್ನ ಅವರ್ಗ್ ಕೊಟ್ಟು ಅದ್ನ ಇಸ್ಕೊಂಡ್ ಬಾ.’

ವಾಪಸು ಬಂದ ಬೇಲನ್ನು ಬಿಚ್ಚಿ ಮತ್ತೆ ಗ್ರೇಡ್ ಮಾಡುವ ಹಾಗೆ ಹೇಳಿದಳು. ಅಂಕ ಹಾಕಿ ಮುಗಿದಿದೆ, ಹಾಳೆ ಬದಲಿಸಲು ಬರುವುದಿಲ್ಲ ಎಂದು ನನ್ನ ಬಾಯಿಂದ ಹೊರಡಲಿಲ್ಲ. ಬರೆದೆ. ಗೆರೆಗಳಲ್ಲಿ ಕಪ್ಪು ಹಾಗೇ ಇತ್ತು, ಅದನ್ನು ಬರೆಯದೆ ಬಿಟ್ಟೆ. ಸೀಳಿದ ಉಗುರನ್ನು ಒಂದು ಮಾಡಿದೆ. ಬಾಗಿದ ಬೆರಳನ್ನು ನೇರ ಮಾಡಿದೆ. ಯಾವ ಕೈಗಳನ್ನು ಫೋನಿನಿಂದ ಕದ್ದಿದ್ದೆನೋ ಅವೇ ಕೈಗಳು, ಬಳೆ ಸಮೇತ, ಮತ್ತೆ ಹಾಳೆಯ ಮೇಲೆ ಬಂದು ಕೂತವು. ಅಷ್ಟು ಕೆಟ್ಟ ಚಿತ್ರವನ್ನು ನಾನು ಅದಕ್ಕೆ ಮೊದಲೂ ಬರೆದಿಲ್ಲ, ಆಮೇಲೂ ಬರೆದಿಲ್ಲ. ದೊಡ್ಡವ್ವ ಅದನ್ನು ಎತ್ತಿ, ಹೆಬ್ಬೆರಳಲ್ಲಿ ಸವರಿ, ಮೂಸಿ, ಬಂಗಾರದ ಬಣ್ಣದ ರಾಶಿಯ ಮೇಲಿಟ್ಟಳು.

‘ಈಗ್ ಸರ್ಯಾಯ್ತು ನೋಡು. ಬಾ, ಉಣ್ಣು.’

ಒಲೆಯ ಮುಂದೆ ಕೂತೆ. ಬಟ್ಟಲಿಗಾಗಿ ಕಣ್ಣಾಡಿಸಿದೆ, ಅದು ಗೂಡಿನಲ್ಲೇ ಮಗುಚಿಕೊಂಡಿತ್ತು. ಅವಳು ಆ ಕೆಂಪು ಕೈಗಳನ್ನು ನೀರಿನಲ್ಲಿ ಅದ್ದಿ, ಮುದ್ದೆಯನ್ನು ಅಂಗೈಯಲ್ಲಿ ಹೊರಳಿಸಿ ನನ್ನ ತಟ್ಟೆಗೆ ಹಾಕಿದಳು. ಬಿಸಿ ತಾಗಿದಾಗ ಕಿತ್ತ ಚರ್ಮ ಉರಿದಿರಬೇಕು, ಹಲ್ಲು ಕಚ್ಚಿದ್ದು ಕಂಡಿತು. ಆಮೇಲೆ ಎದುರಿಗೆ ಕೂತು ನನ್ನ ಬಾಯನ್ನೇ ನೋಡಿದಳು.

ತುತ್ತು ಮುರಿದು ಬಾಯಿಗಿಟ್ಟೆ. ಇನ್ನೂ ಕಹಿಯಿತ್ತು.

‘ಎಂಗೈತೆ?’ ಎಂದಳು.

‘ಚೆನ್ನಾಗೈತೆ ದೊಡ್ಡವ್ವ’ ಎಂದು ಪೂರ್ತಿ ಮುದ್ದೆ ನುಂಗಿದೆ.